ತಲೆಗೆ ಪೆಟ್ಟು ಬಿದ್ದಾಗ: ಮೊದಲ ರಾತ್ರಿ ಏನನ್ನು ಗಮನಿಸಬೇಕು?

ಬೈಕಿನಿಂದ ಬಿದ್ದವರು ಎದ್ದು, ಮೈಮೇಲಿನ ಮಣ್ಣು ಕೊಡವಿಕೊಂಡು ‘ಏನೂ ಆಗಿಲ್ಲ’ ಎಂದರೆ ನೆರೆದವರು ಚದುರಿಬಿಡುತ್ತಾರೆ. ಮೆದುಳಿನ ವಿಷಯದಲ್ಲಿ ಆ ಮಾತನ್ನು ನಂಬಿ ಕೂರಬಾರದು. ಕಿವಿಯ ಮುಂದಿನ ಮೇಲ್ಭಾಗದಲ್ಲಿ ತಲೆಬುರುಡೆ ತೆಳು. ಅದರ ಒಳಗೋಡೆಗೆ ಅಂಟಿಕೊಂಡೇ ಒಂದು ರಕ್ತನಾಳ ಸಾಗುತ್ತದೆ. ಮೂಳೆ ಬಿರಿದು ನಾಳ ಹರಿದರೆ ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತ ಹೋಗುತ್ತದೆ. ಆದರೂ ಗಾಯಾಳು ಕೆಲವು ಗಂಟೆ ಚೆನ್ನಾಗಿಯೇ ಮಾತನಾಡುತ್ತಿರಬಹುದು. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದರು. ಬಂದ ಆಂಬುಲೆನ್ಸ್ ಬರಿದೇ ಹಿಂದಿರುಗಿತು. ಎರಡು ದಿನಗಳಲ್ಲಿ ಅವರು ತೀರಿಕೊಂಡರು. ಕಾರಣ ಇದೇ ಬಗೆಯ ರಕ್ತಸ್ರಾವ.

ಬಿದ್ದ ಜಾಗದಲ್ಲಿ

ಪ್ರಜ್ಞೆ ಇಲ್ಲದವರನ್ನು ಎತ್ತಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಕುತ್ತಿಗೆಯ ಮೂಳೆಗೂ ಪೆಟ್ಟಾಗಿರಬಹುದು, ಆದ್ದರಿಂದ ತಲೆ ಹೊರಳದಂತೆ ಹಿಡಿದು 108ಕ್ಕೆ ಕರೆ ಮಾಡಿ. ವಾಂತಿಯಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಇಬ್ಬರು ಮೂವರು ಸೇರಿ ಮಗ್ಗುಲಿಗೆ ಹೊರಳಿಸಿ. ಮೂಗು ಅಥವಾ ಕಿವಿಯಿಂದ ತಿಳಿನೀರಿನಂಥ ದ್ರವ ಸೋರುತ್ತಿದ್ದರೆ ಹತ್ತಿ ತುರುಕಬೇಡಿ. ಅದು ಮೆದುಳಿನ ಸುತ್ತಲಿನ ದ್ರವವಿರಬಹುದು. ಕಣ್ಣಿಗೆ ಪೆಟ್ಟಾಗದೆಯೇ ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟಿದರೆ, ಕಿವಿಯ ಹಿಂದೆ ನೀಲಿಗಟ್ಟಿದರೆ ಬುರುಡೆಯ ತಳ ಬಿರಿದಿರುವ ಸಾಧ್ಯತೆಯಿದೆ.

ಮನೆಗೆ ಬಂದ ಮೇಲೆ

ವೈದ್ಯರು ನೋಡಿ ಮನೆಗೆ ಕಳುಹಿಸಿದರೂ ಮೊದಲ 24 ಗಂಟೆ ಒಬ್ಬರು ಜೊತೆಗಿರಲೇಬೇಕು. ನಿದ್ದೆ ಮಾಡಲು ಬಿಡಬಾರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಲಗಬಾರದೆಂದೇನಿಲ್ಲ. ಆದರೆ ವೈದ್ಯರು ಹೇಳಿದ ಅಂತರದಲ್ಲಿ ಎಬ್ಬಿಸಿ ನೋಡಬೇಕು. ಕಣ್ಣು ತೆರೆದು ‘ಹೂಂ’ ಅಂದರೆ ಸಾಲದು. ಎಲ್ಲಿದ್ದೀರಿ, ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿ. ಮಾತು ತೊದಲುತ್ತಿದೆಯೇ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆಯೇ ಗಮನಿಸಿ.

ಬಳಿಕ ಮೊಬೈಲ್ ಟಾರ್ಚನ್ನು ಪಕ್ಕದಿಂದ ಒಂದೊಂದೇ ಕಣ್ಣಿಗೆ ತನ್ನಿ. ಕಣ್ಣಿನ ಕಪ್ಪು ಪಾಪೆ ತಟ್ಟನೆ ಕಿರಿದಾಗಬೇಕು. ಒಂದು ಪಾಪೆ ಹಿಗ್ಗಿದಂತೆಯೇ ಉಳಿದರೆ ತಡಮಾಡಬೇಡಿ. (ಹುಟ್ಟಿನಿಂದಲೋ ಕಣ್ಣಿನ ಶಸ್ತ್ರಚಿಕಿತ್ಸೆಯಿಂದಲೋ ಕೆಲವರ ಪಾಪೆಗಳು ಮೊದಲೇ ಸಮನಾಗಿರುವುದಿಲ್ಲ. ಅದು ಮನೆಯವರಿಗೆ ಗೊತ್ತಿರಬೇಕು.) ಆಮೇಲೆ ಕಣ್ಣು ಮುಚ್ಚಿಸಿ, ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದಕ್ಕೆ ಚಾಚಿಸಿ. ಹತ್ತು ಎಣಿಸುವಷ್ಟರಲ್ಲಿ ಒಂದು ಕೈ ತಾನಾಗಿ ಒಳಕ್ಕೆ ಹೊರಳಿ ಕೆಳಗಿಳಿದರೆ ಆ ಭಾಗದ ಬಲ ಕುಂದಿದೆ ಎಂದೇ ತಿಳಿಯಿರಿ.

ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಎಬ್ಬಿಸಿದರೂ ಬಿಡದ ಮಂಪರು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಲ್ಲವು. ಮದ್ಯ ಕುಡಿದವರು ಬಿದ್ದಾಗ ‘ನಶೆಯಲ್ಲಿದ್ದಾನೆ, ಮಲಗಲಿ’ ಎಂದು ಬಿಡುವುದು ಜೀವಕ್ಕೇ ಎರವಾಗಬಹುದು. ನಶೆಯ ಮಂಪರು ಯಾವುದು, ಪೆಟ್ಟಿನ ಮಂಪರು ಯಾವುದು ಎಂದು ಹೊರಗಿನಿಂದ ಹೇಳಲಾಗದು. ಹಸುಗೂಸಿಗೆ ಹೇಳಿಕೊಳ್ಳಲು ಬರುವುದಿಲ್ಲ. ಹಾಲು ಬೇಡವೆನ್ನುವುದು, ಸಮಾಧಾನವಾಗದ ಅಳು, ನೆತ್ತಿಯ ಮೆತ್ತನೆ ಜಾಗ ಉಬ್ಬುವುದು ಅದರ ದೂರುಗಳು.

ವಾರಗಳ ನಂತರ

ಸ್ಕ್ಯಾನ್ ಸರಿಯಾಗಿ ಬಂದರೂ ಮೆದುಳಿಗೆ ಏನೂ ಆಗಿಲ್ಲವೆಂದು ಅರ್ಥವಲ್ಲ. ಮರೆವು, ಸಿಡುಕು, ಬೆಳಕು ಸದ್ದು ಸಹಿಸಲಾಗದಿರುವುದು, ವಾಸನೆ ತಿಳಿಯದಿರುವುದು ಆಮೇಲೂ ಕಾಡಬಹುದು. ‘ಇವರ ಸ್ವಭಾವವೇ ಬದಲಾಗಿದೆ’ ಎಂದು ಮನೆಯವರಿಗೆ ಅನ್ನಿಸಿದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಸೋಮಾರಿತನ, ನಾಟಕ ಎಂಬ ಬೈಗುಳವೇ ಗಾಯಾಳುವಿಗೆ ಸಿಗುತ್ತದೆ ಎಂಬುದು ನೋವಿನ ಸಂಗತಿ.

ವಯಸ್ಸಾದವರಲ್ಲಿ, ಅದರಲ್ಲೂ ಹೃದಯದ ತೊಂದರೆಗೆ ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ, ಬಚ್ಚಲಲ್ಲಿ ಜಾರಿದ ಸಣ್ಣ ಪೆಟ್ಟಿಗೂ ರಕ್ತ ನಿಧಾನವಾಗಿ ಒಸರಬಹುದು. ತಿಂಗಳ ಬಳಿಕ ಅಜ್ಜಿ ಕಾಲೆಳೆದು ನಡೆದರೆ, ಮಂಕಾದರೆ ‘ವಯಸ್ಸಾಯಿತು’ ಎಂದುಕೊಳ್ಳಬೇಡಿ. ಬುರುಡೆಗೆ ಸಣ್ಣ ರಂಧ್ರ ಕೊರೆದು ರಕ್ತ ಹೊರತೆಗೆದರೆ ಇಂಥ ಅನೇಕರು ಚೇತರಿಸಿಕೊಳ್ಳುತ್ತಾರೆ. ಹೋಗುವಾಗ ಮಾತ್ರೆಯ ಹಾಳೆ ಕೈಯಲ್ಲಿರಲಿ. ಬಿದ್ದದ್ದು ಯಾವಾಗ, ಪ್ರಜ್ಞೆ ತಪ್ಪಿತ್ತೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.