ಅಜ್ಜಿಯ ಕ್ಯಾಸೆಟ್ ಮೊದಲು ಹಾಕಬೇಡಿ

ಅಟ್ಟದಿಂದ ಹಳೇ ಟೇಪ್ ರೆಕಾರ್ಡರ್ ಇಳಿಸಿದವರು ಮಾಡುವ ತಪ್ಪು ಒಂದೇ. ಧೂಳು ಒರೆಸುತ್ತಾರೆ, ವೈರು ಚುಚ್ಚುತ್ತಾರೆ, ಮನೆಯಲ್ಲಿರುವ ಅತಿ ಅಪರೂಪದ ಕ್ಯಾಸೆಟ್ಟನ್ನೇ ಹುಡುಕಿ ಒಳಗೆ ತಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅಜ್ಜಿ ಹೇಳಿದ ಹಸೆ ಹಾಡುಗಳನ್ನು ಮಾವ ಯಾವಾಗಲೋ ರೆಕಾರ್ಡ್ ಮಾಡಿಟ್ಟಿದ್ದರು. ಎರಡು ಸಾಲು ಕೇಳಿಸಿತು. ಆಮೇಲೆ ಅಜ್ಜಿಯ ದನಿ ದಪ್ಪವಾಗಿ, ನಿಧಾನವಾಗಿ, ನಿಂತೇ ಹೋಯಿತು. ಬಾಗಿಲು ತೆಗೆದರೆ ರೀಲು ರೋಲರ್‌ಗೆ ಶ್ಯಾವಿಗೆ ಹಾಗೆ ಸುತ್ತಿಕೊಂಡಿತ್ತು. ಆ ಜಾಗದಲ್ಲಿ ಈಗಲೂ ಅಜ್ಜಿ ನೀರೊಳಗಿಂದ ಹಾಡಿದಂತೆ ಕೇಳುತ್ತದೆ.

ಹಾಗಾಗಿ ಮೊದಲ ಕೆಲಸ, ಹಾಳಾದರೂ ಪರವಾಗಿಲ್ಲ ಅನ್ನುವಂಥ ಒಂದು ಕ್ಯಾಸೆಟ್ ಸಂಪಾದಿಸುವುದು. ರಿಪೇರಿ ಮುಗಿಯುವವರೆಗೆ ಅದೊಂದೇ ಸಾಕು.

ಕೊಳ್ಳುವುದು. ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲದಿದ್ದರೆ ಗುಜರಿ ಅಂಗಡಿ ಇದೆ, ಬೆಂಗಳೂರಿನವರಿಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರ್ ಇದೆ. ‘ವರ್ಕಿಂಗ್ ಕಂಡೀಷನ್ ಸರ್’ ಅಂದರೆ ದೀಪ ಹತ್ತುತ್ತದೆ, ರೇಡಿಯೊ ಬರುತ್ತದೆ ಅಂತಷ್ಟೇ ಅರ್ಥ. ಪ್ಲೇ ಒತ್ತಿ ಕಿವಿ ಕೊಡಿ. ಮೋಟಾರ್ ಗುಂಯ್‌ಗುಡುತ್ತಿದ್ದು ಚಕ್ರ ತಿರುಗದಿದ್ದರೆ ಬಹುಪಾಲು ಬೆಲ್ಟ್ (ಮೋಟಾರಿನಿಂದ ಚಕ್ರ ತಿರುಗಿಸುವ ರಬ್ಬರ್ ಪಟ್ಟಿ) ಹೋಗಿದೆ. ಚೌಕಾಸಿಗೆ ಒಳ್ಳೇ ಕಾರಣ, ತಗೊಳ್ಳಿ. ಹೆಡ್, ಅಂದರೆ ರೀಲಿಗೆ ತಾಗಿ ಹಾಡು ಓದುವ ಲೋಹದ ತುಂಡು, ಅದರ ಮೇಲೆ ಉಗುರು ಎಳೆದಾಗ ಗೀರಿಗೆ ಸಿಕ್ಕಿಕೊಂಡರೆ ಅದು ಸವೆದಿದೆ, ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ಸಿಗುವ, ಕಂಪ್ಯೂಟರ್‌ಗೆ ಚುಚ್ಚುವ ಅಗ್ಗದ ಹೊಸ ಪ್ಲೇಯರ್ ಅಂತೂ ಬೇಡವೇ ಬೇಡ. ಅದರಲ್ಲಿ ಹಾಡು ನಡುಗುತ್ತದೆ.

ಬೆಲ್ಟ್. ಎಲ್ಲರೂ ಎಡವುವುದು ಇಲ್ಲೇ. ಪ್ಲಗ್ ಕಿತ್ತು, ಹಿಂದಿನ ಸ್ಕ್ರೂ ಬಿಚ್ಚಿ. ಬಿಚ್ಚುವ ಮುಂಚೆ ಒಂದು, ಬಿಚ್ಚಿದ ಮೇಲೆ ಒಂದು ಫೋಟೊ ತೆಗೆಯಿರಿ. ಬೆಲ್ಟ್ ಯಾವ ಚಕ್ರವನ್ನು ಹೇಗೆ ಬಳಸಿ ಹೋಗಿದೆ ಅನ್ನುವುದು ನೆನಪಿರುತ್ತದೆ ಅಂದುಕೊಳ್ಳುತ್ತೀರಿ, ಇರುವುದಿಲ್ಲ. ಹಳೇ ರಬ್ಬರ್ ಕೆಲವೊಮ್ಮೆ ಕರಗಿ ಡಾಂಬರ್ ಆಗಿರುತ್ತದೆ. ಮುಟ್ಟಿದರೆ ಬೆರಳು, ಅಂಗಿ, ಟೇಬಲ್ ಕ್ಲಾತ್ ಎಲ್ಲಾ ಕಪ್ಪು. ಕೆಳಗೆ ಪೇಪರ್ ಹಾಸಿ, ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ, ಚಕ್ರದ ಕಾಲುವೆಯಲ್ಲಿ ಚೂರೂ ಉಳಿಯದ ಹಾಗೆ ಒರೆಸಿ. ಇಪ್ಪತ್ತು ಬಡ್ ಖರ್ಚಾಗಬಹುದು, ಆಗಲಿ. ಸಾಸಿವೆಯಷ್ಟು ಉಳಿದರೂ ಚಕ್ರದ ಪ್ರತಿ ಸುತ್ತಿಗೆ ಹಾಡು ಒಮ್ಮೆ ತೊದಲುತ್ತದೆ.

ಕರಗಿದ ಬೆಲ್ಟ್ ಅಳೆಯುವುದು ಹೇಗೆ? ಹೊಲಿಗೆ ದಾರವನ್ನು ಬೆಲ್ಟ್ ಹೋಗುವ ದಾರಿಯಲ್ಲೇ ಸುತ್ತಿ, ಬಿಚ್ಚಿ, ಸ್ಕೇಲಿನಲ್ಲಿ ಅಳೆಯಿರಿ. 200 ಮಿಲಿಮೀಟರ್ ಬಂದರೆ 180ರಿಂದ 190 ಸುತ್ತಳತೆಯ ಬೆಲ್ಟ್ ಕೇಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಬಿಡಿಭಾಗದ ಅಂಗಡಿಯವರು ಡಬ್ಬಿಯಿಂದ ಆರಿಸಿ ಕೊಡುತ್ತಾರೆ. ತೀರಾ ಬಿಗಿ ಆದರೆ ಮೋಟಾರ್ ನರಳುತ್ತದೆ, ಸಡಿಲ ಆದರೆ ಜಾರುತ್ತದೆ. ಆಫೀಸಿನ ರಬ್ಬರ್ ಬ್ಯಾಂಡ್ ಹಾಕಿ ‘ನಡೀತು’ ಅಂತ ಕುಣಿಯುವವರಿದ್ದಾರೆ. ಅರ್ಧ ಗಂಟೆ ನಡೆಯುತ್ತದೆ, ಶ್ರುತಿ ಏರಿಳಿಯುತ್ತಲೇ ನಡೆಯುತ್ತದೆ.

ಒರೆಸುವುದು. ಹೆಡ್, ಅದರ ಪಕ್ಕದ ಸಣ್ಣ ಉಕ್ಕಿನ ಕಡ್ಡಿ, ಕಡ್ಡಿಗೆ ಒತ್ತುವ ರಬ್ಬರ್ ರೋಲರ್. ರೀಲು ಸುತ್ತಿಕೊಳ್ಳುವುದಕ್ಕೆ ಮುಖ್ಯ ಕಾರಣ ಈ ರೋಲರ್ ಮೇಲಿನ ಕಂದು ಜಿಡ್ಡು. ಜನ ಹೆಡ್ ಥಳಥಳ ಹೊಳೆಸಿ ರೋಲರ್ ಮರೆಯುತ್ತಾರೆ. ಲೋಹಕ್ಕೆ ಆಲ್ಕೋಹಾಲ್. ರಬ್ಬರ್‌ಗೆ ನಾನು ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸುತ್ತೇನೆ. ಬಡ್ ಬೆಳ್ಳಗೆ ಬರುವವರೆಗೆ ಬಿಡಬೇಡಿ. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನೇ ಹಚ್ಚಬೇಡಿ, ಅದರ ಗ್ಲಿಸರಿನ್ ಅಂಟಾಗಿ ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಒಳಗೆ ಹೊಡೆದರೆ ಎಣ್ಣೆ ಹೊಸ ಬೆಲ್ಟ್‌ಗೂ ತಾಗಿ ಜಾರುತ್ತದೆ, ಆಮೇಲೆ ಮೊದಲಿಂದ ಶುರು.

ವೇಗ. ಕ್ಯಾಸೆಟ್ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅಳೆಯುವ ಗೋಜು ಬೇಡ. ಕ್ಯಾಸೆಟ್‌ನಲ್ಲಿರುವ ಹಾಡನ್ನೇ ಫೋನಿನಲ್ಲೂ ಹಾಕಿ, ಎರಡನ್ನೂ ಒಟ್ಟಿಗೆ ಬಿಡಿ. ಎಷ್ಟೋ ಮೋಟಾರ್‌ಗಳ ಹಿಂದೆ ಸಣ್ಣ ತೂತಿರುತ್ತದೆ, ಒಳಗೊಂದು ಸ್ಕ್ರೂ. ಎರಡು ಹಾಡೂ ಜೊತೆಯಾಗಿ ಓಡುವವರೆಗೆ ಅದನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಿ.

ಇಷ್ಟಾದ ಮೇಲೂ ದನಿ ಕಂಬಳಿ ಹೊದ್ದ ಹಾಗಿದ್ದರೆ ಹೆಡ್ ಸ್ವಲ್ಪ ವಾಲಿದೆ. ಅದರ ಪಕ್ಕ ಸ್ಪ್ರಿಂಗ್ ಹಾಕಿದ ಸ್ಕ್ರೂ ಇರುತ್ತದೆ. ಅದನ್ನು ಸರಿ ಮಾಡಲು ನನಗೆ ಯಕ್ಷಗಾನದ ಕ್ಯಾಸೆಟ್ಟೇ ಬೇಕು, ಅದೂ ಕಂಪನಿ ರೆಕಾರ್ಡಿಂಗ್. ಕಾಲು ಸುತ್ತಿಗಿಂತ ಜಾಸ್ತಿ ಹೋಗದೆ ಹಿಂದೆ ಮುಂದೆ ತಿರುಗಿಸಿ. ಭಾಗವತರ ತಾಳ ಎಲ್ಲಿ ಚೂಪಾಗಿ ‘ಟಿಣ್’ ಅನ್ನುತ್ತದೋ ಅಲ್ಲಿ ನಿಲ್ಲಿಸಿ. ಸ್ಕ್ರೂಡ್ರೈವರ್ ತುದಿಯಲ್ಲಿ ಅಯಸ್ಕಾಂತ ಇರಬಾರದು.

ಕೊನೆಗೆ ಅಜ್ಜಿಯ ಕ್ಯಾಸೆಟ್. ಕಿಟಕಿಯಲ್ಲಿ ನೋಡಿ. ರೀಲಿನ ಅಂಚಲ್ಲಿ ಬಿಳಿ ಬೂಷ್ಟು ಕಂಡರೆ (ಮಲೆನಾಡಿನ ಮನೆಗಳಲ್ಲಿ ಇದು ಮಾಮೂಲಿ) ಒಳ್ಳೇ ಪ್ಲೇಯರ್‌ಗೆ ಹಾಕಲೇಬೇಡಿ. ಬೂಷ್ಟು ಇಲ್ಲವೇ? ಪೆನ್ಸಿಲ್ ತೂರಿಸಿ ಸಡಿಲ ತೆಗೆದು, ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಅಂಟಿ ಕೂತ ಸುತ್ತುಗಳು ಬಿಡುತ್ತವೆ. 120 ನಿಮಿಷದ ಕ್ಯಾಸೆಟ್ ಆದರೆ ಮೆಲ್ಲಗೆ. ಅದರ ರೀಲು 60 ನಿಮಿಷದ್ದಕ್ಕಿಂತ ತೀರಾ ತೆಳು. ರೀಲನ್ನು ಹೆಡ್‌ಗೆ ಒತ್ತುವ ಮಧ್ಯದ ಪುಟ್ಟ ಫೆಲ್ಟ್ ತುಂಡು ಬಿದ್ದುಹೋಗಿದ್ದರೆ ಇನ್ನೊಂದು ಕ್ಯಾಸೆಟ್‌ನಿಂದ ಕಿತ್ತು ಹಾಕಿ.

ಪ್ಲೇ ಒತ್ತುವ ಮುಂಚೆ ಕ್ಯಾಸೆಟ್ಟಿನ ಹಿಂಬದಿಯ ಎರಡೂ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಆಮೇಲೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿದರೂ ಒತ್ತಿಕೊಳ್ಳುವುದಿಲ್ಲ. ನಮ್ಮ ಮನೆಯ ಹಸೆ ಹಾಡಿನ ಬಿ ಸೈಡಿನಲ್ಲಿ ಹನ್ನೊಂದು ಸೆಕೆಂಡು ನನ್ನದೇ ಕೆಮ್ಮಿದೆ.