ಕೋಲಾರದ ದೆವ್ವಕ್ಕೆ ಮೊದಲು ಇಸವಿ ಬೇಕು

ಹಳೇ ಕಾಲದ ಭಯದ ಕಾದಂಬರಿ ಬರೀಬೇಕು ಅಂತ ನನ್ನ ಹತ್ತಿರ ಬರುವ ಹುಡುಗರೆಲ್ಲ ಮೊದಲು ದೆವ್ವದ ವರ್ಣನೆ ಶುರು ಮಾಡುತ್ತಾರೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಪಾಳುಬಿದ್ದ ಬಂಗಲೆ. ನಾನು ಮುಳಬಾಗಿಲಿನ ಸಮಾಜ ಮೇಷ್ಟ್ರು, ಅಭ್ಯಾಸಬಲ ನೋಡಿ, ಒಂದೇ ಪ್ರಶ್ನೆ ಕೇಳುತ್ತೇನೆ: ಇದು ನಡೆದದ್ದು ಯಾವ ಇಸವಿಯಲ್ಲಪ್ಪಾ? ಅಲ್ಲಿಗೆ ಮಾತು ನಿಲ್ಲುತ್ತದೆ.

ಇಸವಿ ತೀರ್ಮಾನ ಆಗದೆ ಒಂದು ಸಾಲೂ ಬರೆಯಬೇಡಿ. ಇಸವಿ ಗೊತ್ತಾದರೆ ಬೆಳಕು ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಕೆಜಿಎಫ್‌ನ ಗಣಿಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹಾಗಾದರೆ 1903ರ ಕತೆಯಲ್ಲಿ ಗಣಿಯ ಯಂತ್ರ ಕರೆಂಟಿನಲ್ಲಿ ಓಡುತ್ತಿದೆ, ಸುತ್ತಲಿನ ಹಳ್ಳಿಯ ಬಾಣಂತಿ ಕೋಣೆಯಲ್ಲಿ ಹರಳೆಣ್ಣೆ ದೀಪ ಉರಿಯುತ್ತಿದೆ. ಎರಡೂ ಒಂದೇ ರಾತ್ರಿ!

ಆ ದೀಪ ಹೇಗಿರುತ್ತದೆ ಅಂತ ಊಹೆ ಮಾಡಬೇಡಿ. ಒಂದು ಅಮಾವಾಸ್ಯೆ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ, ದೇವರ ಮನೆಯ ದೀಪ ಒಂದನ್ನೇ ಹಚ್ಚಿಕೊಂಡು ಮನೆಯವರ ಜೊತೆ ಕೂತು ನೋಡಿ. ಎದುರಿಗೆ ಕೂತವರ ಮುಖ ಕಾಣುತ್ತದೆ, ಕಾಲು ಕಾಣುವುದಿಲ್ಲ. ಬಾಗಿಲು ಎಲ್ಲಿದೆ ಅಂತ ನೆನಪಿನಿಂದ ಗೊತ್ತೇ ಹೊರತು ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ಹೊತ್ತಿಗೆ ಬತ್ತಿ ಕರಿಕಟ್ಟುತ್ತದೆ, ಯಾರಾದರೂ ಎದ್ದು ಕಡ್ಡಿಯಿಂದ ಮುಂದಕ್ಕೆ ತಳ್ಳಬೇಕು. ಎದ್ದವರು ಯಾರು, ವಾಪಸ್ ಬಂದು ಕೂತವರು ಅವರೇನಾ? ದೃಶ್ಯ ಅಲ್ಲೇ ಸಿಕ್ಕಿತಲ್ವಾ.

ಇನ್ನು ದಾಖಲೆ. ಭಯ ಅಂದರೆ ಲೆಕ್ಕ ತಪ್ಪುವುದು, ಇದು ನನ್ನ ನಂಬಿಕೆ. ಲೆಕ್ಕ ತಪ್ಪಿದ್ದು ಓದುಗರಿಗೆ ತಟ್ಟಬೇಕಾದರೆ ಅದಕ್ಕೆ ಮೊದಲು ಎಲ್ಲವೂ ಕರಾರುವಾಕ್ಕಾಗಿ ಇರಬೇಕು. 1876ರಿಂದ 78ರವರೆಗಿನ, ಧಾತು ಮತ್ತು ಈಶ್ವರ ಸಂವತ್ಸರಗಳ ಬರವನ್ನೇ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಇಂಥ ಕಾಲದಲ್ಲಿ ದೆವ್ವವನ್ನು ಎಲ್ಲಿಂದಲೋ ಕರೆತರುವ ಅಗತ್ಯವೇ ಇಲ್ಲ. ಒಂದು ಗಂಜಿ ಕೇಂದ್ರ ಕಲ್ಪಿಸಿಕೊಳ್ಳಿ. ಗುಮಾಸ್ತ ದಿನಾ ಸಾಲು ಎಣಿಸುತ್ತಾನೆ: ಅರವತ್ತು ಜನ. ಗಂಜಿ ಖರ್ಚಾಗುವುದು ಮಾತ್ರ ಅರವತ್ತೊಂದು ಜನರದ್ದು. ಮೇಲಿನ ಅಧಿಕಾರಿ ಕಳ್ಳತನ ಅಂತ ಬೈಯುತ್ತಾನೆ. ಮಾರನೇ ದಿನ ಇಬ್ಬರು ಸಾಯುತ್ತಾರೆ, ಸಾಲಲ್ಲಿ ಐವತ್ತೆಂಟು, ಗಂಜಿ ಈಗಲೂ ಅರವತ್ತೊಂದು. ಇಲ್ಲಿ ಕಿರುಚಾಟ ಹಾಕಿದರೆ ಕತೆ ಕೆಟ್ಟಿತು. ಸೌಟು, ಮಡಕೆ, ಹೆಬ್ಬೆಟ್ಟಿನ ಗುರುತು ಇಷ್ಟರಲ್ಲೇ ನಡೆಸಿಕೊಂಡು ಹೋಗಿ.

ಓದುವುದಕ್ಕೆ ದುಡ್ಡು ಬೇಕಿಲ್ಲ. ರೈಸ್ ಸಾಹೇಬರು ನಮ್ಮ ಕಡೆಯ ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೇ ಸಂಪುಟ ಕೋಲಾರದ್ದು, 1905ರದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ, ಹಾಗಾಗಿ ಆ ಕಡೆಯ ಶಾಸನಗಳೂ ಇದರಲ್ಲೇ ಇವೆ. ತುಮಕೂರಿನವರು ಹನ್ನೆರಡನೇ ಸಂಪುಟ ನೋಡಿ. ಶಾಸನಗಳ ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ದಾನ ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ ಕಲ್ಲಲ್ಲೇ ಕೆತ್ತಿಸಿದ್ದಾರೆ. ಇದಕ್ಕಿಂತ ಕರಾಳ ಕಲ್ಪನೆ ನಾವೇನು ಹೊಸೆಯೋಣ?

ಆದರೆ ಶಾಪ ಇಟ್ಟುಕೊಂಡರೆ ಅದಕ್ಕೊಂದು ಕಟ್ಟಳೆ ಬೇಕು. ಕಲ್ಲು ಕಿತ್ತು ಲೇಔಟ್ ಮಾಡಿದರು ಅನ್ನಿ. ಶಾಪ ತಟ್ಟುವುದು ಜಮೀನು ಮಾರಿದವನಿಗೋ, ಕೊಂಡವನಿಗೋ, ಮಧ್ಯೆ ಕಮಿಷನ್ ತಿಂದ ಬ್ರೋಕರಿಗೋ? ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನೂರನೇ ಪುಟದಲ್ಲಿ ಅನುಕೂಲಕ್ಕೆ ತಕ್ಕ ಹಾಗೆ ಅದನ್ನು ತಿದ್ದಬೇಡಿ. ಮ್ಯಾಜಿಕ್ ಇರುವ ಕತೆಗಳು ನೆಲಕಚ್ಚುವುದು ಜಾಸ್ತಿ ಇಲ್ಲೇ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಜನ ಇವತ್ತೂ ಕೈಮುಗಿಯುವ ದೇವರನ್ನು ದೆವ್ವ ಮಾಡಬೇಡಿ. ಕೋಲಾರಮ್ಮನ ಗುಡಿಯಲ್ಲಿ ಚೇಳಿನ ದೇವತೆ ಚೇಳಮ್ಮ ಇದ್ದಾಳೆ, ನೆಲದ ಗುಂಡಿಯೇ ಅಲ್ಲಿ ಹುಂಡಿ. ಹೊಸಬರ ಕೈ ತುರಿಸುತ್ತದೆ, ಗೊತ್ತು. ಅವಳನ್ನು ಬಿಟ್ಟುಬಿಡಿ. ನಿಮ್ಮದೇ ಊರು, ನಿಮ್ಮದೇ ಅಮ್ಮನವರನ್ನು ಹುಟ್ಟಿಸಿಕೊಳ್ಳಿ. ಗುಂಡಿಯೊಳಗೆ ಕಾಣಿಕೆ ಬಿಡುವಾಗ ಕೈ ಹಿಂಜರಿಯುತ್ತದಲ್ಲ, ಅದನ್ನು ಮಾತ್ರ ನೆನಪಿಟ್ಟುಕೊಂಡು ಬನ್ನಿ.

ಹಾಗೇ, ಯಾರು ದೆವ್ವ ಆಗುತ್ತಾರೆ ಅಂತಲೂ ಯೋಚಿಸಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳ. ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಕೆಳಗೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತ ಕೂಲಿಗಳು. ಅಲ್ಲಿ ಸತ್ತ ಕೂಲಿಯವನನ್ನೇ ರಾಕ್ಷಸ ಮಾಡಿ, ಕಂಪನಿ ದೊರೆಯ ಕೈಗೆ ಟಾರ್ಚ್ ಕೊಟ್ಟು ನಾಯಕ ಮಾಡಿದ ಹಸ್ತಪ್ರತಿಗಳು ನನ್ನ ಹತ್ತಿರ ಬರುತ್ತವೆ. ಓದುವುದಕ್ಕೆ ಆಗುವುದಿಲ್ಲ. 2001ರಲ್ಲಿ ಮುಚ್ಚಿದ ಗಣಿಯ ಒಳಗೆ ಈಗ ನೀರು. ನಿಮ್ಮ ದೆವ್ವ ಅಲ್ಲಿಂದ ಎದ್ದರೆ ಅದು ಏನು ಕೇಳುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಬಾಕಿ ಸಂಬಳ ಕೇಳಿದರೂ ಸಾಕು.

ಮಾತಿನ ಬಗ್ಗೆ ಇಷ್ಟೇ: ನಮ್ಮ ಕಡೆ ಅಜ್ಜಿಯರು ತೆಲುಗಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಾರೆ. ಪಾತ್ರಗಳೆಲ್ಲ ನಾಟಕದ ಕಂಪನಿಯವರ ಹಾಗೆ "ಎಲೈ" ಅಂದರೆ ಓದುಗ ನಗುತ್ತಾನೆ, ಹೆದರುವುದಿಲ್ಲ.

ಇದರಲ್ಲಿ ಹೊಟ್ಟೆ ಹೊರೆಯಬಹುದಾ ಅಂತ ಕೇಳುತ್ತೀರಿ. ಕೆಲಸ ಬಿಡಬೇಡಿ. ಹೊಸಬರ ಕಾದಂಬರಿ 500 ಪ್ರತಿ ಅಚ್ಚಾಗುತ್ತದೆ, ಜಾಸ್ತಿ ಅಂದರೆ 1000. ನೀವೇ ಹಾಕಿಸುವುದಾದರೆ ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಪುಕ್ಕಟೆ ಸಿಗುತ್ತದೆ, ಏಜೆಂಟರಿಗೆ ದುಡ್ಡು ಸುರಿಯಬೇಡಿ. ಅಚ್ಚಿಗಾಗಿ ಯೂನಿಕೋಡ್‌ನಿಂದ ನುಡಿ ಫಾಂಟಿಗೆ ಬದಲಾಯಿಸಿದ ಮೇಲೆ ಪ್ರೂಫ್ ನೀವೇ ನೋಡಿ, ಒತ್ತಕ್ಷರಗಳು ಜಾಗ ಬಿಟ್ಟಿರುತ್ತವೆ. ಎರಡನೇ ಪುಸ್ತಕಕ್ಕೆ ತಾಲೂಕು ಬದಲಾಯಿಸಬೇಡಿ, ಶತಮಾನ ಬದಲಾಯಿಸಿ. ನನಗೆ ನಮ್ಮ ತಾಲೂಕಿನ ಆವಣಿ ಬೆಟ್ಟ ಒಂದೇ ಸಾಕು: ನೊಳಂಬ ಅರಸರ ಕಾಲದ್ದೊಂದು, ಬರಗಾಲದ್ದೊಂದು. ಓದಿದ್ದು ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ, ಓದುಗರಿಗೂ ಆ ಬಂಡೆಗಳು ಪರಿಚಯ ಆಗುತ್ತವೆ.

ಕರಾರು ಇಲ್ಲದೆ ಹಸ್ತಪ್ರತಿ ಕೊಡಬೇಡಿ. ಆಡಿಯೊ, ಸಿನಿಮಾ ಹಕ್ಕು ನಿಮ್ಮಲ್ಲೇ ಇರಲಿ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾಪಿರೈಟ್ ಕಾಯ್ದೆ ಅದನ್ನು ಐದು ವರ್ಷ ಅಂತ ಲೆಕ್ಕ ಹಿಡಿಯುತ್ತದೆ. ಆದರೂ ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಿ. ಸಂಕೋಚಪಟ್ಟುಕೊಂಡು ಸುಮ್ನಿದ್ದವರ ಪುಸ್ತಕದ ಹಕ್ಕು ಈಗ ಯಾರ ಹತ್ತಿರ ಇದೆ ಅಂತ ಅವರ ಮಕ್ಕಳಿಗೂ ಗೊತ್ತಿಲ್ಲ.