ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸ್ಟೋರಿನಾಗ ಅಂತರಾ, ಛಾಯಾ, ನಿರೋಧ್ ಖಾಲಿ ಆಗದಂಗ ಇಂಡೆಂಟ್ ಹಾಕೋದು ಹೆಂಗ

ಕೊಪ್ಪಳ, ರಾಯಚೂರು ಕಡೆ ಹೊಸದಾಗಿ ಜಾಯಿನ್ ಆದ ಫಾರ್ಮಸಿ ಆಫೀಸರ್‌ಗಳು, ಸಿಎಚ್‌ಒಗಳು (ಸಬ್ ಸೆಂಟರ್‌ನ ಸಮುದಾಯ ಆರೋಗ್ಯ ಅಧಿಕಾರಿಗಳು) ಕೇಳ್ತಿರ್ತಾರ, ಫ್ಯಾಮಿಲಿ ಪ್ಲಾನಿಂಗ್ ಸಾಮಾನಿಗೆ ಇಂಡೆಂಟ್, ಅಂದ್ರ ಸಾಮಾನು ಕಳಸ್ರಿ ಅನ್ನೋ ಬೇಡಿಕಿ, ಎಷ್ಟು ಹಾಕಬೇಕ್ರಿ ಅಂತ. ಸಾಮಾನು ಅಂದ್ರ ಗರ್ಭ ನಿಲ್ಲದಂಗ ಹಾಕೋ ಅಂತರಾ ಇಂಜೆಕ್ಷನ್, ಛಾಯಾ ಮತ್ತ ಮಾಲಾ-ಎನ್ ಗುಳಿಗಿ, ನಿರೋಧ್ ಕಾಂಡೋಮ್. ಬಹಳ ಮಂದಿ ಹೋದ ಸಲದ ಇಂಡೆಂಟ್ ತಗದು ಅದೇ ನಂಬರ್ ಇಳಿಸಿಬಿಡ್ತಾರ. ಹಂಗ ಮಾಡಿದ್ರ ಒಂದು ಕಡೆ ಮಾಲಾ-ಎನ್ ಬಾಕ್ಸ್ ಎಕ್ಸ್‌ಪೈರಿ ಆಗಿ ಕುಂತಿರ್ತಾವ, ಇನ್ನೊಂದು ಕಡೆ ಅಂತರಾ ಇಲ್ಲವಾ ಮುಂದಿನ ವಾರ ಬಾ ಅಂತ ಹೊಲದ ಕೂಲಿ ಬಿಟ್ಟು ಬಂದ ಹೆಣ್ಮಗಳನ್ನ ವಾಪಸ್ ಕಳಿಸಿರ್ತಾರ.

ಮೊದ್ಲು ಖರ್ಚು ಅಂದ್ರ ಏನು ಅನ್ನೋದು ಕ್ಲಿಯರ್ ಮಾಡ್ಕೋರಿ. ಸಬ್ ಸೆಂಟರ್‌ಗೆ ಕೊಟ್ಟಿದ್ದು ಖರ್ಚಲ್ಲ, ಆಶಾ ಬ್ಯಾಗಿಗೆ ಹೋಗಿದ್ದೂ ಖರ್ಚಲ್ಲ, ಮಂದಿ ಕೈಗೆ ಹೋಗಿದ್ದಷ್ಟೇ ಖರ್ಚು. ಸ್ಟಾಕ್ ಬುಕ್‌ನಾಗ ನಿಲ್ ಇರ್ತೈತಿ, ಆಶಾ ಅಕ್ಕಾರ ಮನ್ಯಾಗ ಟ್ರಂಕ್ ಮ್ಯಾಲ ನಿರೋಧ್ ಬಾಕ್ಸ್ ಒಡೀದ ಹಂಗ ಇರ್ತೈತಿ. ಅದಕ್ಕ ತಿಂಗಳ ಮೀಟಿಂಗ್‌ಗೆ ಬರುವಾಗ ಬ್ಯಾಗ್ ತರಾಕ ಹೇಳ್ರಿ, ಅಲ್ಲೇ ಎಣಿಸಿ ಬರ್ಕೋರಿ, ಬೈಯಬ್ಯಾಡ್ರಿ, ಬೈದ್ರ ಮುಂದಿನ ತಿಂಗಳು ಸುಳ್ಳು ನಂಬರ್ ಬರ್ತಾವ.

ಆಮ್ಯಾಲ ಸರಾಸರಿ. ಇಲ್ಲೇ ಎಲ್ಲಾರೂ ಎಡವೋದು. ಆರು ತಿಂಗಳಾಗ 48 ಅಂತರಾ ವಯಲ್ ಖರ್ಚಾಗ್ಯಾವ ಅನ್ಕೋರಿ, 48ನ್ನ 6ಕ್ಕ ಭಾಗಿಸಿ ತಿಂಗಳಿಗೆ 8 ಅಂತ ಬರೀತಾರ. ಆದ್ರ ಅದರಾಗ ಎರಡು ತಿಂಗಳು ಸ್ಟಾಕೇ ಇರಲಿಲ್ಲ ಅಂದ್ರ? ಆ ಎರಡು ತಿಂಗಳು ಬಿಟ್ಟು 4ಕ್ಕ ಭಾಗಿಸಬೇಕು, ಅಂದ್ರ ತಿಂಗಳಿಗೆ 12. ಎಂಟು ಅಂತ ಬರದ್ರ ಮತ್ತ ಖಾಲಿ ಆಗೋದು ಗ್ಯಾರಂಟಿ, ಖಾಲಿ ಆದಷ್ಟೂ ಮುಂದಿನ ಲೆಕ್ಕ ಇನ್ನೂ ಕಡಿಮಿ ಬರ್ತೈತಿ. ಮೂರು ತಿಂಗಳಿಗೆ ಸಾಕಾಗೋವಷ್ಟು ಇಡೋದಾದ್ರ 36 ಬೇಕು, ಕೈಯಾಗ 10 ಅದಾವ, 26ಕ್ಕ ಇಂಡೆಂಟ್ ಹಾಕ್ರಿ. ಕೇಂದ್ರ ಸರ್ಕಾರ 2017ರಾಗ ಎಫ್‌ಪಿ-ಎಲ್‌ಎಂಐಎಸ್ ಅಂತ ಈ ಸಾಮಾನಿನ ಸ್ಟಾಕ್, ಇಂಡೆಂಟ್ ಲೆಕ್ಕ ಇಡೋ ಸಾಫ್ಟ್‌ವೇರ್ ತಂದೈತಿ, ಛಲೋನೇ ಐತಿ, ಆದ್ರ ನೀವು ತಪ್ಪು ತುಂಬಿದ್ರ ಅದೂ ತಪ್ಪೇ ತೋರಸ್ತೈತಿ.

ಅಂತರಾಕ್ಕ ಇನ್ನೊಂದು ಅನುಕೂಲ ಐತಿ, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಇರೋದ್ರಿಂದ ಇವತ್ತು ತಗೊಂಡಾಕಿ ಯಾವಾಗ ಬರ್ತಾಳ ಅಂತ ಈಗ್ಲೇ ಗೊತ್ತು. ಡ್ಯೂ ಲಿಸ್ಟ್ ನೋಡಿ, ಅದರ ಮ್ಯಾಲ ಹೊಸಬ್ರು ಎಷ್ಟು ಮಂದಿ ಬರಬಹುದು ಅಂತ ಸೇರಿಸಿದ್ರ ಮುಗೀತು. ಡ್ಯೂ ಡೇಟ್‌ಗಿಂತ 2 ವಾರ ಮೊದ್ಲೂ ಕೊಡಬಹುದು, 4 ವಾರ ತಡ ಆದ್ರೂ ನಡೀತೈತಿ. ಛಾಯಾದಾಗ ಹೊಸಬ್ರು ಹಳಬ್ರು ಬ್ಯಾರೆ ಬ್ಯಾರೆ ಎಣಿಸ್ರಿ, ಯಾಕಂದ್ರ ಮೊದಲ 3 ತಿಂಗಳು ವಾರಕ್ಕ ಎರಡು ಗುಳಿಗಿ, ಆಮ್ಯಾಲ ವಾರಕ್ಕ ಒಂದೇ. 8 ಗುಳಿಗಿ ಸ್ಟ್ರಿಪ್ ಹೊಸಬ್ರಿಗೆ ಒಂದು ತಿಂಗಳು, ಹಳಬ್ರಿಗೆ ಹೆಚ್ಚೂ ಕಡಿಮಿ ಎರಡು ತಿಂಗಳು. ತುರ್ತು ಗುಳಿಗಿಗೆ ಸರಾಸರಿ ಲೆಕ್ಕ ಬ್ಯಾಡ, ಅಸುರಕ್ಷಿತ ಸಂಭೋಗ ಆದ 72 ಗಂಟಿ ಒಳಗ ನುಂಗಬೇಕು, ಖರ್ಚು ಕಡಿಮಿ ಇದ್ರೂ ಪ್ರತಿ ಆಶಾ ಹತ್ರ ಇರಬೇಕು ಅಷ್ಟೇ.

ಈಗ ನಮ್ಮ ಕಡೆ ವಿಷಯ, ಗುಳೆ. ಸಾಫ್ಟ್‌ವೇರ್‌ಗೆ ಇದು ಗೊತ್ತಿಲ್ಲ. ಸುಗ್ಗಿ ಮುಗುದ್ ಮ್ಯಾಲ ಕುಷ್ಟಗಿ, ಲಿಂಗಸುಗೂರು, ದೇವದುರ್ಗ ಕಡೆಯಿಂದ ಬೆಂಗಳೂರು, ಗೋವಾ ಅಂತ ಮಂದಿ ಹೋಗ್ತಾರ, ಖರ್ಚು ಕುಸೀತೈತಿ, ಅದನ್ನ ನೋಡಿ ಇಂಡೆಂಟ್ ಇಳಿಸಿರ್ತೀರಿ, ಅಷ್ಟೊತ್ತಿಗೆ ಯುಗಾದಿಗೋ ಮೊಹರಂಗೋ ಊರ ಜಾತ್ರಿಗೋ ಬಸ್ ತುಂಬಿ ಎಲ್ಲಾರೂ ಇಳೀತಾರ, ನಿರೋಧ್ ಡಬ್ಬಿ ಎರಡು ದಿನಕ್ಕ ಖಾಲಿ. ಅದಕ್ಕ ಹಬ್ಬಕ್ಕ ಒಂದು ತಿಂಗಳು ಮೊದ್ಲೇ ಜಾಸ್ತಿ ತರಿಸ್ರಿ. ಗುಳೆ ಹೊಂಟಾಕಿಗೆ ಛಾಯಾ, ಮಾಲಾ-ಎನ್ ನಾಕೈದು ತಿಂಗಳಿಂದು ಒಮ್ಮೆಲೇ ಕೊಟ್ಟು ಕಳಸ್ರಿ, ಅಂತರಾ ಕಾರ್ಡ್ ಮರೀದಂಗ ಕೈಯಾಗ ಕೊಡ್ರಿ, ಹೋದಲ್ಲಿ ಸರ್ಕಾರಿ ಆಸ್ಪತ್ರ್ಯಾಗ ತೋರಿಸ್ತಾಳ.

ಸ್ಟೋರಿಂದು ಹೇಳಬೇಕಂದ್ರ, ಮೊದ್ಲು ಬಂದದ್ದು ಮೊದ್ಲು ಅನ್ನೋದು ಬಿಡ್ರಿ, ಮೊದ್ಲು ಎಕ್ಸ್‌ಪೈರಿ ಆಗೋದು ಮುಂದಕ್ಕ. ಬಾಕ್ಸ್ ಮ್ಯಾಲ ಸ್ಕೆಚ್ ಪೆನ್ನಿಲೆ ಎಕ್ಸ್‌ಪೈರಿ ತಿಂಗಳು ದೊಡ್ಡದಾಗಿ ಬರೀರಿ. ರಾಯಚೂರು ಬಿಸಲಾಗ 40 ಡಿಗ್ರಿ ದಾಟ್ತೈತಿ, ನಿರೋಧ್ ತಗಡಿನ ಶೆಡ್ಡಿನಾಗ ಇಟ್ರ ರಬ್ಬರ್ ಕೆಡ್ತೈತಿ, ನೆಲಕ್ಕ ಹತ್ತದಂಗ, ಗ್ವಾಡಿಗೆ ಹತ್ತದಂಗ ಹಲಗಿ ಮ್ಯಾಲ ಇಡ್ರಿ. ಹೆರಿಗಿ ಆದ ಮ್ಯಾಲ ರಕ್ತ ನಿಲ್ಲಿಸೋ ಆಕ್ಸಿಟೋಸಿನ್ ಇಂಜೆಕ್ಷನ್ ಅಂತೂ 2ರಿಂದ 8 ಡಿಗ್ರಿದಾಗ ಫ್ರಿಜ್ಜಿನಾಗೇ ಇರಬೇಕು, ಲೇಬರ್ ರೂಮ್ ಟ್ರೇದಾಗ ದಿನಗಟ್ಟಲೆ ಬಿದ್ದಿದ್ದು ಬಾಣಂತಿಗೆ ರಕ್ತ ಹೋಗೋವಾಗ ಕೆಲಸ ಮಾಡದಿದ್ರ ಏನ್ ಗತಿ.

ಬ್ಯಾಚ್ ನಂಬರ್ ಬರಿಯೋಕೆ ಬ್ಯಾಸರ ಮಾಡ್ಕೋಬ್ಯಾಡ್ರಿ. 2024ರ ನವೆಂಬರ್‌ನಾಗ ಬಳ್ಳಾರಿ ಜಿಲ್ಲಾಸ್ಪತ್ರ್ಯಾಗ ಸಿಸೇರಿಯನ್ ಆದ ಬಾಣಂತಿಯರು ತೀರ್ಕೊಂಡಾಗ ಐವಿ ಫ್ಲೂಯಿಡ್ ಮ್ಯಾಲ ಅನುಮಾನ ಬಂತು. ಅಂಥ ಟೈಮಿನಾಗ ಆ ಮಾಲು ನಿಮ್ಮ ಸ್ಟೋರಿನಾಗ ಐತೋ ಇಲ್ಲೋ, ಯಾವ ವಾರ್ಡಿಗೆ ಹೋಗೈತಿ ಅಂತ ಹತ್ತು ನಿಮಿಷದಾಗ ಹೇಳಬೇಕಂದ್ರ ಬುಕ್‌ನಾಗ ಬ್ಯಾಚ್ ಇರಲೇಬೇಕು, ಬರೇ ಸಂಖ್ಯೆ ಇದ್ರ ಏನೂ ಗೊತ್ತಾಗಂಗಿಲ್ಲ.

ಇಷ್ಟೆಲ್ಲ ಮಾಡಿದ್ರೂ ಹೆಚ್ಚು ಕಡಿಮಿ ಆಗ್ತೈತಿ. ಎಕ್ಸ್‌ಪೈರಿಗೆ ಆರು ತಿಂಗಳು ಇರೋವಾಗ್ಲೇ ಬಾಜು ಪಿಎಚ್‌ಸಿಗೆ ಫೋನ್ ಹಚ್ರಿ, ಟಿಎಚ್‌ಒ (ತಾಲ್ಲೂಕು ಆರೋಗ್ಯ ಅಧಿಕಾರಿ) ಆಫೀಸಿಗೆ ಹೇಳಿ ಟ್ರಾನ್ಸ್‌ಫರ್ ಎಂಟ್ರಿ ಮಾಡಿ ಕಳಸ್ರಿ. ಒಂದು ತಿಂಗಳು ಉಳದಾಗ ಕೇಳಿದ್ರ ಯಾರೂ ತಗೊಳ್ಳಂಗಿಲ್ಲ.